ನುಣ್ಣನೆಯ ಕಿಂಡಿ

ಅವನಿಗೆ ಕೆಲಸವಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ತಗಡಿನ ಕತ್ತರಿ, ಡ್ರಿಲ್ಲು, ಅರ ಎಲ್ಲವೂ ಇದ್ದವು. ಮನೆ ನಡೆಯುತ್ತಿದ್ದುದು ಹೆಂಡತಿ ಸಾಕಿದ ಕೋಳಿಗಳ ಮೊಟ್ಟೆಯಿಂದ.

ಕೋಳಿಗೂಡಿನ ತಗಡಿಗೆ ಅವಳ ತಮ್ಮ ಉಳಿಯಿಂದ ಹೊಡೆದು ಗಾಳಿಕಿಂಡಿ ಮಾಡಿದ್ದ. ಅದರ ಸುತ್ತ ಸೀಳಿದ ತಗಡು ಗರಗಸದ ಹಲ್ಲಿನಂತೆ ನಿಂತಿತ್ತು. ಅದನ್ನು ಕಂಡಾಗಲೆಲ್ಲ ಇವನಿಗೆ ಮೈ ಉರಿಯುತ್ತಿತ್ತು.

“ಇದೇನು ತಗಡು ಕತ್ತರಿಸಿದ್ದಾ, ಇಲ್ಲಾ ನಾಯಿ ಕಚ್ಚಿದ್ದಾ?”

“ಬೇಕು ಅಂತಲೇ ಹಂಗೆ ಬಿಟ್ಟಿರ್ಬೋದು. ಫೋನ್ ಮಾಡಿ ಒಂದು ಮಾತು ಕೇಳ್ರೀ.”

“ಬಸ್ ಓಡ್ಸೋನ ಹತ್ರ ನಾನು ತಗಡಿನ ಪಾಠ ಹೇಳಿಸ್ಕೋಬೇಕಾ?”

ಹೊಸ ತಗಡಿನ ಮೇಲೆ ಗೆರೆ ಎಳೆದ. ನಡುವೆ ತೂತು ಕೊರೆದು ಅಲ್ಲಿಂದ ಗೆರೆಯುದ್ದಕ್ಕೂ ಕತ್ತರಿ ನಡೆಸಿದ. ಕತ್ತರಿಯ ಬಾಯಿಯನ್ನು ಒಮ್ಮೆಯೂ ಪೂರ್ತಿ ಮುಚ್ಚಲಿಲ್ಲ, ಮುಚ್ಚಿದರೆ ಅಂಚು ಕೆಡುತ್ತದೆ. ಆಮೇಲೆ ಅರ ಹಾಕಿ, ಮರಳು ಕಾಗದದಿಂದ ತಿಕ್ಕಿದ. ಸಂಜೆ ಹಳೆಯ ತಗಡನ್ನು ಕಿತ್ತು ಹೊಸದನ್ನು ಬಡಿದ. ಹೆಂಡತಿಯನ್ನು ಕರೆದು, ಕಿಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಹೊರಗೆ ತೆಗೆದ.

“ನೋಡು, ಒಂದು ಗೀರಿದೆಯಾ? ನಿನ್ನ ತಮ್ಮನ ಕಿಂಡೀಲಿ ಕೈ ಹಾಕಿದ್ದಿದ್ರೆ ಹೊಲಿಗೆ ಬೀಳ್ತಿತ್ತು.”

“ಅದರೊಳಗೆ ಕೈ ಹಾಕೋರು ಯಾರ್ರೀ?”

ಅವನು ಕಿಂಡಿಯ ಫೋಟೊ ತೆಗೆದು ಭಾಮೈದನಿಗೆ ಕಳಿಸಿದ.

ಡ್ಯೂಟಿ ಮುಗಿಸಿದ ಭಾಮೈದ ಬೆಳಿಗ್ಗೆ ಫೋನ್ ಮಾಡಿದ. “ಅಂಚು ಭಾರಿ ಚೆನ್ನಾಗಿದೆ ಭಾವ. ಮುಂಗುಸಿ ನುಗ್ಗದ ಹಾಗೆ ಈಗ ಏನು ಮಾಡಿದ್ದೀರಿ?”

ಅಷ್ಟು ಹೊತ್ತಿಗೆ ಗೂಡಿನಲ್ಲಿದ್ದ ಹನ್ನೊಂದು ಕೋಳಿಗಳೂ ಸತ್ತಿದ್ದವು.