ಅಂಕಿಯ ಸುತ್ತ ಗೋರಂಟಿ

ಹಂಪಿಯಲ್ಲಿ ಬಾಡಿಗೆಗೆ ಕೋಣೆ ಕೊಡುವ ಎರ್ರಮ್ಮ ಒದ್ದೆ ಬಟ್ಟೆಯಿಂದ ತನ್ನಲ್ಲಿ ಇಳಿದುಕೊಂಡಿದ್ದ ಪರದೇಶದ ಮುದುಕಿ ಹನ್ನಾಳ ಕೈಗೆ ಮೆತ್ತಿದ್ದ ಅದಿರು ಲಾರಿಗಳ ಕೆಂಪು ಧೂಳು ಒರೆಸುತ್ತಿದ್ದಂತೆ, ಮುಂಗೈಯಲ್ಲಿ ಅಂಕಿಗಳ ಹಚ್ಚೆ ಕಂಡಿತು. "ಯಾರವ್ವಾ ಇದನ್ನ ಹಾಕಿದಾಕಿ? ಒಂದು ಹೂವಾದ್ರೂ ಬಿಡಿಸಬಾರದಿತ್ತೇನ?"

ಗೈಡ್ ಶಿಲ್ಪಶ್ರೀ ತಡವರಿಸಿದಳು. "ಅಮ್ಮಾ, ಹಿಟ್ಲರ್ ಯಹೂದಿಗಳನ್ನ ಕೊಲ್ಲಾಕ ಇಟ್ಟಿದ್ದ ಕ್ಯಾಂಪಿನಾಗ ಹಾಕಿದ ನಂಬರ್ರಿ ಅದು. ಇವರು ಉಳಿದು ಬಂದಾರ. ಈಗ ಮ್ಯೂಸಿಯಂನಾಗ ಸಾಲಿ ಮಕ್ಕಳಿಗೆ ಅದನ್ನ ತೋರಿಸಿ ಹೇಳ್ತಾರ."

ಎರ್ರಮ್ಮ ಎದ್ದು, ಮಗಳಿಗೆಂದು ಅರೆದಿಟ್ಟ ಗೋರಂಟಿ ತಂದಳು. ಅಂಕಿ ಮುಚ್ಚಿಹೋಗಬಾರದೆಂದು ಹನ್ನಾ ಕೈ ಎಳೆದುಕೊಂಡಳು. "ಮುಚ್ಚಲ್ಲವ್ವಾ, ಸುತ್ತ ಬಳ್ಳಿ ಹಬ್ಬಿಸ್ತೀನಿ, ಕೊಡು."

ಒಣಗಿದ ಗೋರಂಟಿ ತೊಳೆದಾಗ ಅಂಕಿಗಳ ಸುತ್ತ ಕೆಂಪು ಹೂಗಳು ಅರಳಿದ್ದವು. ಹನ್ನಾ ಕೈಯನ್ನು ಬಿಸಿಲಿಗೆ ಹಿಡಿದು, ಹುಡುಗಿಯಂತೆ ನಕ್ಕು ಏನೋ ಹೇಳಿದಳು. "ಬಣ್ಣ ಮಾಸೋದ್ರೊಳಗ ಊರು ಮುಟ್ಟಬೇಕಂತಮ್ಮಾ," ಶಿಲ್ಪಶ್ರೀಯೂ ನಕ್ಕಳು. "ಮಕ್ಕಳಿಗೆ ನಿಮ್ಮ ಕಥೀನೂ ಹೇಳಬೇಕಂತ!"