ಗುಳಿ ಮುಚ್ಚಿದ ಮುನಿಶಾಮಿ

ದೊರೆಯ ಚೆಂಡು ಎಣ್ಣೆ ಬೆರೆಸಿದ ಮರಳಿನ ಅಂಗಳಕ್ಕೆ ಉರುಳಿ ಬಂದು ನಿಂತಿತು. ಏಳು ಏಟು ತಿಂದು ಅಧಿಕಾರಿಯ ಚೆಂಡೂ ಬಂತು. ಇಬ್ಬರೂ ಹತ್ತಿರ ಬಂದು ನೋಡಿದರು. ಅಂಗಳವೇನೋ ಹೊಸ ಕಣದ ಹಾಗೆ ನುಣ್ಣಗಿತ್ತು. ಗುಳಿ ಮಾತ್ರ ಇರಲಿಲ್ಲ.

ಅಧಿಕಾರಿ ಕೋಲಾರದವರು. ಯುದ್ಧಕಾಲದ ಸರ್ಕಾರಿ ಲೆವಿಗೆ ಹಳ್ಳಿಗಳಿಂದ, ಬಚ್ಚಿಟ್ಟದ್ದನ್ನೂ ಬಿಡದೆ, ರಾಗಿ ಎತ್ತಿಸುವುದು ಅವರ ಕೆಲಸ. ಗಣಿ ದೊರೆಗಳ ಈ ಗಾಲ್ಫ್ ಆಟ ಅವರಿಗೆ ಹೊಸದು. ಮೈದಾನದ ಮೇಸ್ತ್ರಿ ದೊಡ್ಡಮುನಿಯಪ್ಪ ದಾರಿಯುದ್ದಕ್ಕೂ ಹೇಳಿಕೊಡುತ್ತ ಬಂದಿದ್ದ: "ಮೊದಲನೇ ಏಟು ಆ ದಿಬ್ಬದ ಮೇಲಿಂದ ಸ್ವಾಮಿ. ಆಮೇಲೆ ಚೆಂಡು ಎಲ್ಲಿ ಬಿತ್ತೋ ಅಲ್ಲಿಂದ್ಲೇ ಹೊಡೀಬೇಕು. ಮುಳ್ಳಲ್ಲಿ ಬಿದ್ರೂ ಕೈಲಿ ಎತ್ತಿ ಇಡಂಗಿಲ್ಲ. ಮರಳಿಗೆ ಬಂದ್ಮೇಲೆ ಮೆಲ್ಲಗೆ ತಳ್ಳೋದು. ಕಡಿಮೆ ಏಟಿಗೆ ಗುಳಿಗೆ ಇಳಿಸಿದೋರು ಗೆದ್ದಂಗೆ."

"ಎಲ್ಲಯ್ಯಾ ನಿನ್ನ ಗುಳಿ?" ಎಂದರು ಅಧಿಕಾರಿ.

ದೊಡ್ಡಮುನಿಯಪ್ಪ ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದ ತನ್ನ ಅಕ್ಕನ ಮಗನ ಕಡೆ ತಿರುಗಿದ. "ಲೇ ಮುನಿಶಾಮಿ, ಏನ್ಲಾ ಮಾಡಿದೆ?"

"ನಿನ್ನೆ ನೀನೇ ಅಂದೆಯಲ್ಲ ಮಾವ, ಸಾಯಂಕಾಲ ಗುಳಿಯ ಬಾವುಟ ಕಿತ್ತು ಅದರ ಬಾಯಿ ಮುಚ್ಚು ಅಂತ. ಮುಚ್ಚಿದೀನಿ."

"ತಗಡಿನ ಮುಚ್ಚಳ ಇಡೋ ಅಂದಿದ್ದು ಕಣೋ."

ಮುನಿಶಾಮಿಗೆ ಗೊತ್ತಿದ್ದುದು ಊರಿನ ರೀತಿ. ನೆಲದೊಳಗೆ ರಾಗಿ ತುಂಬಿಡುವ ಹಗೇವಿನ ಬಾಯಿ ಮುಚ್ಚುವಂತೆ ಚಪ್ಪಟೆ ಕಲ್ಲು ಇಟ್ಟು, ಜೇಡಿ ಮೆತ್ತಿ, ಮೇಲೆ ಎಣ್ಣೆಮರಳು ಎಳೆದಿದ್ದ. ಗೆರೆ ಕೂಡ ಕಾಣುತ್ತಿರಲಿಲ್ಲ. ಒಂದು ತಿಂಗಳು ಕೆಲಸ ನೋಡಿ ಖಾಯಂ ಮಾಡುತ್ತೇವೆ ಎಂದಿದ್ದ ದೊರೆ. ಆ ತಿಂಗಳು ಅಂದಿಗೆ ತುಂಬಿತ್ತು.

"ತೆಗಿ," ಎಂದ ದೊರೆ ತನಗೆ ಬರುವಷ್ಟು ಕನ್ನಡದಲ್ಲಿ. "ಸಿಕ್ಕಿದರೆ ಕೆಲಸ. ಇಲ್ಲ, ಮನೆಗೆ ಹೋಗು."

ಅದೇನು ಕಷ್ಟದ ಮಾತಲ್ಲ. ಊರಲ್ಲಿ ಹಗೇವು ಹುಡುಕುವ ಹಾಗೆ ಹಿಮ್ಮಡಿಯಿಂದ ನೆಲ ಗುದ್ದುತ್ತ ಹೋದರೆ ಟೊಳ್ಳಿರುವಲ್ಲಿ ಸದ್ದು ಬೇರೆ ಬರುತ್ತದೆ. ಮುನಿಶಾಮಿ ಕಾಲೆತ್ತಿದ.

"ಯಾವೂರು ಇವನದು?" ಅಧಿಕಾರಿ ಕೇಳಿದರು.

"ಹೋಳೂರು ಸ್ವಾಮಿ," ಎಂದ ದೊಡ್ಡಮುನಿಯಪ್ಪ.

"ಹೋಳೂರೇ?" ಅಧಿಕಾರಿ ಕೋಲನ್ನು ನೆಲಕ್ಕೂರಿ ಮುನಿಶಾಮಿಯ ಕಾಲನ್ನೇ ನೋಡತೊಡಗಿದರು. "ಹೋದ ತಿಂಗಳು ಮೂರು ದಿನ ಸಲಾಕೆ ಹಿಡಿದು ನಿಮ್ಮೂರಿನ ಕೊಟ್ಟಿಗೆಗಳನ್ನೆಲ್ಲ ಚುಚ್ಚಿಸಿದೆ. ಒಂದು ಹಗೇವೂ ಸಿಗಲಿಲ್ಲ. ಹೂಂ, ತೆಗಿ. ಹೇಗೆ ಹುಡುಕ್ತೀಯೋ ನಾನೂ ನೋಡ್ತೀನಿ."

ಆ ಮೂರೂ ದಿನ ಮುನಿಶಾಮಿಯ ತಾಯಿ ಆಂಜಿನಮ್ಮ ಹಗೇವಿನ ಮೇಲೆಯೇ ಎಮ್ಮೆ ಕಟ್ಟಿ, ಪಕ್ಕದಲ್ಲಿ ಕೂತು ಹಾಲು ಕರೆದಿದ್ದಳು. ಮುಂದಿನ ಸುಗ್ಗಿಯವರೆಗೆ ಮನೆಯವರ ಹಿಟ್ಟಿಗಾಗುವ ರಾಗಿ ಅದರೊಳಗಿತ್ತು. ಊರಿನ ಉಳಿದ ಮನೆಗಳದೂ ಹಾಗೆಯೇ.

ಮುನಿಶಾಮಿ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಕೂತುಕೊಂಡು ಪಕ್ಕದಲ್ಲಿ ಬಿದ್ದಿದ್ದ ಗುದ್ದಲಿಯಿಂದ ಅಂಗಳದ ಅಂಚಿನಲ್ಲಿ ಒಂದು ಕಡೆ ಕೆದಕಿದ. ಇನ್ನೊಂದು ಕಡೆ ಕೆದಕಿದ. ಮತ್ತೂ ಎರಡು ಕಡೆ ಕೆದಕಿ ಎದ್ದು ನಿಂತ.

"ಬುಡದಿಂದ ಮಣ್ಣು ತುಂಬಿ ತುಳಿದುಬಿಟ್ಟೆ ಸ್ವಾಮಿ. ಜಾಗ ಮರೆತೋಯ್ತು."

"ನಿನ್ನೆ ಮುಚ್ಚಿದ್ದು ಇವತ್ತು ಮರೀತಾನಂತೆ," ಎಂದು ಅಧಿಕಾರಿ ನಕ್ಕರು. "ಇಂಥೋರನ್ನ ಕಟ್ಟಿಕೊಂಡು ಹೆಂಗೆ ಏಗ್ತೀಯಪ್ಪ ಮೇಸ್ತ್ರಿ?"

ದೊರೆ ಮೈದಾನದ ಬಾಗಿಲ ಕಡೆ ಕೈ ತೋರಿಸಿದ. ದೊಡ್ಡಮುನಿಯಪ್ಪ ಅಕ್ಕನ ಮಗನ ಮುಖ ನೋಡಲಿಲ್ಲ. ಗುದ್ದಲಿ ಇಸಿದುಕೊಂಡು, ದೊರೆ ತೋರಿಸಿದಲ್ಲಿ ಹೊಸ ಗುಳಿ ತೋಡಲು ಕೂತ.

ಅಲ್ಲಿಯವರೆಗೆ ಸುಮ್ಮನಿರಲಾರದೆ ಅಧಿಕಾರಿ ತಮ್ಮ ಚೆಂಡನ್ನು ಒಮ್ಮೆ ಮೆಲ್ಲಗೆ ತಳ್ಳಿದರು. "ಎತ್ತಲೋ ಹೋಯ್ತು," ಎಂದರು.

ಟವೆಲು ಹೆಗಲಿಗೆ ಹಾಕಿಕೊಂಡು ಹೊರಟಿದ್ದ ಮುನಿಶಾಮಿ ತಿರುಗಿ ನೋಡಿದ. ಚೆಂಡು ಉರುಳುತ್ತ ಉರುಳುತ್ತ ಹೋಗಿ, ಮರಳಿನಡಿ ಅವನು ಇಟ್ಟಿದ್ದ ಕಲ್ಲಿನ ನಟ್ಟನಡುವೆ ನಿಂತಿತ್ತು.