ನವಿಲಿನ ಕಾಲು

ಎಂಟರ್ ಒತ್ತಲು ಹೊರಟಿದ್ದ ಭಾವನಾಳ ಮಣಿಕಟ್ಟನ್ನು ಮಗ್ಗದ ಒಡತಿ ಸುಶೀಲಮ್ಮ ಹಿಡಿದುಕೊಂಡರು. ಕೊಯಮತ್ತೂರಿನ ಪೀಳಮೇಡಿನಿಂದ ಬಂದಿದ್ದ ಎಂಜಿನಿಯರ್ ಭಾವನಾ ಬೆಳಿಗ್ಗೆಯೇ ಸರ್ವರ್‌ಗೆ ಹೊಸ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಹಾಕಿದ್ದಳು. ಇನ್ನು ಸೀರೆ ಡಿಸೈನುಗಳೆಲ್ಲ ಇರುವ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಹಳೆಯ ಫೈಲ್‌ಸಿಸ್ಟಮ್ಮನ್ನು ಹೊಸದಕ್ಕೆ ಬದಲಿಸಬೇಕಿತ್ತು. ನಡುವೆ ಕೆಟ್ಟರೆ ಉಳಿಯುವುದು ಬ್ಯಾಕಪ್ ಒಂದೇ.

“ಆ ಬ್ಯಾಕಪ್ಪನ್ನ ನೆಯ್ದು ನೋಡ್ದಿಯಾ, ಕಣ್ಣು?” ಎಂದು ಸುಶೀಲಮ್ಮ ಮುದ್ದಿನಿಂದ ಕೇಳಿದರು.

“ಫೈಲುಗಳ ಸಂಖ್ಯೆ ಸರಿಯಾಗಿದೆ, ಅಮ್ಮ.”

“ಸಂಖ್ಯೆ ಇರಲಿ. ತರಿಗೆ ಹಾಕು, ಒಂದು ಗೇಣು ನೆಯ್ಯಣ.”

ಬ್ಯಾಕಪ್ಪಿನಲ್ಲಿದ್ದ ನವಿಲಿನ ಅಂಚನ್ನು ಭಾವನಾ ತರಿಗೆ, ಅಂದರೆ ಕಂಪ್ಯೂಟರಿನ ಡಿಸೈನಿನಂತೆ ನೇಯುವ ಜಕಾರ್ಡ್ ಮಗ್ಗಕ್ಕೆ, ಕಳಿಸಿದಳು. ನೇಯುವಾಗ ಸೀರೆಯ ಮುಖ ಕೆಳಗಿರುತ್ತದೆ. ಸುಶೀಲಮ್ಮ ಬಟ್ಟೆಯ ಅಡಿಗೆ ಕೈ ತೂರಿಸಿ, ಮಗ್ಗ ನೆಯ್ದಂತೆಲ್ಲ ಹೆಬ್ಬೆರಳಿನಲ್ಲಿ ಸವರುತ್ತ ಹೋದರು. ಜುಟ್ಟು ಸಿಕ್ಕಿತು, ಕೊರಳು ಸಿಕ್ಕಿತು, ಗರಿಯೂ ಸಿಕ್ಕಿತು. ಆಮೇಲೆ ಬೆರಳು ನಿಂತುಬಿಟ್ಟಿತು.

“ಕಾಲಿಲ್ಲ,” ಎಂದರು.

ಬ್ಯಾಕಪ್ಪಿನ ಫೈಲು ಕೊನೆಯಲ್ಲಿ ತುಂಡಾಗಿತ್ತು. ಭಾವನಾ ಕಂಪ್ಯೂಟರಿಗೆ ಮರಳಿ, ಟೈಪ್ ಮಾಡಿಟ್ಟಿದ್ದ ಕಮಾಂಡನ್ನು ಅಳಿಸಿದಳು. ಚೀಲದಿಂದ ಬೇರೆ ಡಿಸ್ಕ್ ತೆಗೆದು ಜೋಡಿಸಿದಳು.

“ಇನ್ನೊಂದು ಬ್ಯಾಕಪ್ ತಗೀತೀನಿ, ಅಮ್ಮ. ನಿಮ್ಮ ಬೆರಳಿಗೆ ಕಾಲು ಸಿಗೋವರೆಗೂ ನಾನು ಎಂಟರ್ ಒತ್ತಲ್ಲ.”